ನಮ್ಮ ಕೂಲಿ ಪುಟ ಎಷ್ಟು ಮಂದಿ ನೋಡುತ್ತಾರೆ

ಸುರಪುರ
೧೪ ನವೆಂಬರ್ ೨೦೨೪

ಪ್ರೀತಿಯ ಅಣ್ಣಾ, ಜೈಭೀಮ್.

ಹೇಗಿದ್ದೀ? ಪರೇಡಿನಲ್ಲಿ ಉಳುಕಿದ ಕಾಲು ನೆಟ್ಟಗಾಯಿತೇ? ಇಲ್ಲಿ ಅವ್ವ ಆರಾಮಿದ್ದಾಳೆ. ಪೊಲೀಸ್ ತರಬೇತಿಯಲ್ಲಿ ನಿನಗೆ ಸಿಗುವುದೇ ಭಾನುವಾರದ ಹತ್ತು ನಿಮಿಷ ಫೋನು. ಅದರಲ್ಲಿ ಎಂಟು ನಿಮಿಷ ಅವ್ವ "ರೊಟ್ಟಿ ಕೊಡ್ತಾರೇನಪ್ಪಾ" ಅಂತ ಕೇಳುವುದರಲ್ಲೇ ಮುಗಿಯುತ್ತದೆ. ಉಳಿದ ಎರಡು ನಿಮಿಷದಲ್ಲಿ ನಾನು ಬಾಯಿ ತೆರೆದರೆ "ಅದನ್ನ ಬಿಡು" ಅನ್ನುತ್ತೀ. ಅದಕ್ಕೇ ಈ ಕಾಗದ. ಇದರ ನಡುವೆ ಬಾಯಿ ಹಾಕಲು ನಿನಗಾಗುವುದಿಲ್ಲ.

ಹೋದ ವಾರ ನೀನು ಅಂದ ಮಾತು ನನಗೆ ನಾಟಿದೆ. "ನಮ್ಮ ಪುಟ ಯಾರ್ ನೋಡ್ತಾರ ಪರಿಮಳಾ? ಕೂಲಿ ಆಳು ಕಳ್ಸೋ ಆ ಹೈದರಾಬಾದ್ ಕಂಪನಿ ಸೈಟಿಗೆ ಲಕ್ಷಗಟ್ಟಲೆ ಮಂದಿ ಬರ್ತಾರ. ಅವ್ರಿಗೇ ಕೊಟ್ಬಿಡೋಣು." ನಾಳೆ ಯಾರ ಹೊಲದಲ್ಲಿ ಹತ್ತಿ ಬಿಡಿಸುವುದಿದೆ, ಎಷ್ಟು ಆಳು ಬೇಕು, ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ನಾನು ದಿನಾ ಸಂಜೆ ಹಾಕುವ ಆ ವೆಬ್ ಪುಟವನ್ನು ಕಟ್ಟಿದ್ದು ನೀನೇ. ಕೆಲಸವಿದೆ ಎಂಬ ಗಾಳಿಮಾತು ನಂಬಿ ಅವ್ವ ಕಕ್ಕೇರಾದವರೆಗೆ ಹೋಗಿ, ಕಟ್ಟಿಕೊಂಡ ಬುತ್ತಿ ಬಿಚ್ಚದೆ ವಾಪಸಾದ ದಿನ ಸಿಟ್ಟಿಗೆದ್ದು ನೀನು ಶುರು ಮಾಡಿದ್ದು. ಅದನ್ನು ಸುಮ್ಮನೆ ಕೊಟ್ಟುಬಿಡಲೇ? ಮೊದಲು ಎರಡನ್ನೂ ಹೋಲಿಸಿ ನೋಡೋಣ ಅಂತ ನಾನು ಹಟ ಹಿಡಿದೆ.

ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿಯ ಲಕ್ಷ್ಮಿಕಾಂತ ಗೊತ್ತಲ್ಲ? ಎರಡು ವೆಬ್‌ಸೈಟುಗಳ ಹೆಸರನ್ನು ಅಕ್ಕಪಕ್ಕ ಹಾಕಿದರೆ ಯಾವುದಕ್ಕೆ ಎಷ್ಟು ಮಂದಿ ಬರುತ್ತಾರೆಂದು ತೋರಿಸುವ ತಾಣಗಳಿವೆಯಂತೆ. ಅವನ ಕಂಪ್ಯೂಟರಿನಲ್ಲಿ ಕೂತು ಹುಡುಕಿದೆವು. ಒಂದು ರೊಕ್ಕ ಕೇಳಿತು, ಬಿಟ್ಟೆವು. ಪುಕ್ಕಟೆ ಸಿಕ್ಕ ಮೂರರಲ್ಲೂ ಆ ಕಂಪನಿಯ ಗೆರೆ ನಮ್ಮೂರ ಗುಡ್ಡದ ಹಾಗೆ ಏರಿತ್ತು. ನಮ್ಮ ಹೆಸರಿನ ಮುಂದೆ "ಮಾಹಿತಿ ಸಾಲದು" ಅಂತಷ್ಟೇ. ಅಣ್ಣಾ, ನನಗೆ ಅಳುವೇ ಬಂತು. ಲಕ್ಷ್ಮಿಕಾಂತ ನೋಡಿ, "ಅಕ್ಕಾರ, ಇದು ಹೊರಗಿನವ್ರ ಅಂದಾಜ್ರಿ. ಸಣ್ಣವು ಇವ್ರ ಕಣ್ಣಿಗೇ ಬೀಳಲ್ರಿ. ಖರೆ ಲೆಕ್ಕ ಬೇಕಂದ್ರ ನಮ್ಮ ಪುಟದಾಗೇ ಬಂದವ್ರನ್ನ ಎಣಿಸೂದು ಒಂದು ಹಾಕೋಣ್ರಿ" ಅಂದ. ಹಾಕಿಯೂ ಕೊಟ್ಟ.

ಮೊದಲ ದಿನ ಐವತ್ತೆರಡು! ಕುಣಿದಾಡಿದೆ. ಆಮೇಲೆ ಗೊತ್ತಾಯಿತು, ನಮ್ಮವ್ವ ಹಣಮಮ್ಮನವರು ಓಣಿಯಲ್ಲಿ ಮನೆಮನೆಗೆ ಹೋಗಿ "ನನ್ನ ಮಗನ ಪುಟ ಅದ, ಒಮ್ಮೆ ತೆಗೀರಿ" ಅಂತ ಫೋನ್ ಇದ್ದವರಿಂದೆಲ್ಲ ತೆಗೆಸಿದ್ದರು. ಗದರಿಸಿ ಕೂರಿಸಿದೆ. (ನಿನಗೆ ದೂರು ಹೇಳುತ್ತಾಳೆ, ನಂಬಬೇಡ.) ಮರುದಿನ ಹನ್ನೊಂದು. ಅದರ ಮರುದಿನವೂ ಹನ್ನೊಂದೇ.

ಇಷ್ಟಕ್ಕೆ ಬಿಡುವವಳಲ್ಲ ನಾನು. ಪುಟ ನೋಡಿ ಕೆಲಸಕ್ಕೆ ಹೋಗುವವರನ್ನೇ ಕೇಳೋಣವೆಂದು ಸಂಜೆ ದೇವಾಪುರಕ್ಕೆ ಹೋದೆ. ಅಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಮುಂದಾಳು ಮಲ್ಲೇಶ್ವರಿ ಕಟ್ಟೆಯ ಮೇಲೆ ಕೂತು, ಫೋನ್ ತೆಗೆದು, ನಾನು ಹಾಕಿದ್ದನ್ನು ಎರಡೆರಡು ಸಲ ಗಟ್ಟಿಯಾಗಿ ಓದುತ್ತಿದ್ದಳು. ಸುತ್ತ ಕೂತವರನ್ನು ಎಣಿಸಿದೆ. ಅವಳೂ ಸೇರಿ ಮೂವತ್ತೊಂದು. "ಇಷ್ಟೂ ಮಂದಿಗೆ ಇದೊಂದೇ ಫೋನ್ ಅದವ್ವಾ. ನಾ ಓದ್ತೀನಿ, ಇವ್ರು ಕೇಳ್ತಾರ. ಈಗ ಬುತ್ತಿ ಕಟ್ಕೊಂಡು ಹೋದವ್ರು ಸುಮ್ಮ ವಾಪಸ್ ಬರೂದಿಲ್ಲ" ಅಂದಳು. ನಮ್ಮ ಲೆಕ್ಕದಲ್ಲಿ ಇದೆಲ್ಲ ಬರೀ ಒಂದು, ಅಣ್ಣಾ! ಕಕ್ಕೇರಾದಲ್ಲಿ ಇನ್ನೊಂದು ಫೋನಿಗೆ ಹತ್ತೊಂಬತ್ತು ಮಂದಿ. ಹನ್ನೊಂದರಲ್ಲಿ ಉಳಿದ ಒಂಬತ್ತು ಫೋನುಗಳನ್ನು ನಾನಿನ್ನೂ ಹುಡುಕಬೇಕು.

ಕಂಪನಿಯ ನಿಯಮಗಳನ್ನೂ ಓದಿದೆ. ಹೆಸರು ಬರೆಸಿದವರಿಗಷ್ಟೇ ಕೆಲಸ, ಒಂದು ಫೋನಿಗೆ ಒಂದೇ ಹೆಸರು. ಹಾಗಾದರೆ ಆ ಕಟ್ಟೆಯಿಂದ ಮಲ್ಲೇಶ್ವರಿ ಒಬ್ಬಳೇ ಕೆಲಸಕ್ಕೆ ಹೋಗಬೇಕು. ನಿನ್ನ ಮೇಲೆ ಸಿಟ್ಟಿಲ್ಲ. ಸಣ್ಣದು ಕಟ್ಟಿದೆನೆಂದು ನೀನು ನಾಚಿಕೊಂಡಿದ್ದೀಯಲ್ಲ, ಅದೇ ನನಗೆ ಸಂಕಟ. ನನಗಂತೂ ನಿನ್ನ ಬಗ್ಗೆ ಹೆಮ್ಮೆ.

ಕಾಲು ಜೋಪಾನ. ಅವ್ವನ ಆಶೀರ್ವಾದ ಇದ್ದೇ ಇದೆ, ರೊಟ್ಟಿಗೆ ನಂಚಿಕೊಳ್ಳಲು ಶೇಂಗಾ ಹಿಂಡಿ ಬೇರೆ ಕಳಿಸುತ್ತಿದ್ದಾಳೆ.

ನಿನ್ನ ತಂಗಿ,
ಪರಿಮಳಾ

ತಾ.ಕ.: ಅಂಚೆ ಹೋಗುವ ಹೊತ್ತಾಯಿತು. ನೀನು ಆಗಲೇ ಅವರಿಗೆ ಕೊಟ್ಟ ನಮ್ಮ ಪುಟದ ಪಾಸ್‌ವರ್ಡ್ ನಡೆಯುತ್ತಿಲ್ಲವೆಂದು ಕಂಪನಿಯವರು ಬೆಳಿಗ್ಗೆ ಫೋನ್ ಮಾಡಿದ್ದರು. ನಡೆಯುವುದಿಲ್ಲ. ದೇವಾಪುರದಿಂದ ಬಂದ ದಿನವೇ ಬದಲಿಸಿದೆ. ಹೊಸದು ನಿನಗೂ ಹೇಳುವುದಿಲ್ಲ. ರಜೆಗೆ ಬಂದಾಗ ಆ ಕಟ್ಟೆಯ ಮೇಲೆ ಒಂದು ಸಂಜೆ ಕೂತು ಕೇಳು. ಆಮೇಲೂ ಕೊಟ್ಟುಬಿಡು ಅನ್ನುವುದಾದರೆ, ಆ ಮೂವತ್ತೊಂದು ಮಂದಿಯ ಮುಂದೆಯೇ ಅನ್ನು.