ಗಂಗವ್ವನ ಪಾಲು

ತೊರಗಲ್ ಹತ್ತಿರದ ಹೊಳೆದಂಡೆಯಿಂದ,
ತಾರೀಖು ೧೨ ಫೆಬ್ರುವರಿ ೧೯೧೦

ಗೆಳೆಯ ನಿಜಗುಣಪ್ಪನಿಗೆ ಅಂಬಿಗರ ಯಮನಪ್ಪನ ಶರಣು.

ಇಲ್ಲಿ ನಾವು ಉಸಿರಾಡಿಕೊಂಡಿದ್ದೇವೆ. ಬೈಲಹೊಂಗಲದಲ್ಲಿ ನೀವೆಲ್ಲ ಸುಖವಾಗಿದ್ದೀರೆಂದು ತಿಳಿದುಕೊಂಡಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಬರೀ ಬೈಗುಳ ಬಂತು, ಹರಿದು ಹಾಕಿದೆ. ಸವದತ್ತಿಯ ಸಾಲೆಯಲ್ಲಿ ಒಟ್ಟಿಗೆ ಕಲಿತ ಅಕ್ಷರದಿಂದ ನಿನ್ನನ್ನೇ ಬೈಯುವುದು ಬೇಡವೆನಿಸಿತು.

ಹೊಳೆದಂಡೆಯ ಆಪು ಹುಲ್ಲಿನ ಮೋಜಣಿ ಮಾಡಿ ಕೊಟ್ಟ ವರದಿಯನ್ನು ಸಾಹೇಬರು ಮೆಚ್ಚಿ ನಿನ್ನನ್ನು ದೊಡ್ಡ ಗುಮಾಸ್ತನನ್ನಾಗಿ ಮಾಡಿದರೆಂದು ಬರೆದಿದ್ದೀಯ. ಸಂತೋಷ. ಅದೇ ವರದಿ ನಮಗೇನು ಮಾಡಿತೆಂದು ಕೇಳು.

ನಮ್ಮ ಓಣಿ ಬದುಕಿದ್ದೇ ಆಪಿನಿಂದ, ಮೀನಿನಿಂದ. ಚಳಿಗಾಲಕ್ಕೆ ಆಪು ಕೊಯ್ದು ಚಾಪೆ ಹೆಣೆಯುತ್ತೇವೆ, ಮಳೆ ಇಳಿದ ಮೇಲೆ ಬಲೆ ಬೀಸುತ್ತೇವೆ. ಇರುವ ಐದು ಮಡುಗಳಲ್ಲಿ ನಾಲ್ಕರ ದಂಡೆಯಲ್ಲಿ ಮಾತ್ರ ಕುಡುಗೋಲು ಆಡುತ್ತದೆ. ಐದನೆಯದು ಹೊಳೆತಾಯಿ ಗಂಗವ್ವನ ಪಾಲು. ಅಲ್ಲಿ ಆಪಿನ ಬುಡದಲ್ಲಿ ಮೀನು ತತ್ತಿ ಇಡುತ್ತವೆ, ಅದಕ್ಕೇ ನಮ್ಮಜ್ಜನ ಅಜ್ಜನೂ ಅಲ್ಲಿ ಒಂದು ಎಲೆ ಕಿತ್ತವನಲ್ಲ. ನೀನು ಸರಪಳಿ ಹಿಡಿದು ಎರಡು ದಿನ ಅಳೆದೆ. ಕೊಯ್ದ ಗುರುತಿಲ್ಲದ ಆ ಮಡುವನ್ನು 'ಯಾರ ಉಪಯೋಗಕ್ಕೂ ಇಲ್ಲದ್ದು' ಎಂದು ಬರೆದೆ.

ಅಂಥದ್ದನ್ನು ಕಚೇರಿಯವರು ಬಿಡುತ್ತಾರೆಯೇ? ಲಿಲಾವಾಯಿತು. ಯಾವುದೋ ಊರಿನ ಗುತ್ತಿಗೆದಾರ ಹಿಡಿದ. ಅವನ ಆಳುಗಳು ಎಂಟು ದಿನ ಬೇರುಸಹಿತ ಕಿತ್ತು ಗಾಡಿ ತುಂಬಿದರು. ನಮ್ಮ ಹಿರಿಯ ಮಲಕಾಜಪ್ಪ ಗಾಡಿಗೆ ಅಡ್ಡ ನಿಂತು, "ಇದು ಗಂಗವ್ವನ ಪಾಲು ಐತ್ರಿ, ಮುಟ್ಟಬ್ಯಾಡ್ರಿ" ಎಂದ. "ಕಾಗದದಾಗ ಗಂಗವ್ವನ ಹೆಸರಿಲ್ಲೋ ಮುದುಕಾ, ಸರಿ ಅತ್ಲಾಗ" ಎಂದು ಅವರು ನಕ್ಕರು.

ಹೋದ ಮಳೆಗಾಲದ ಮಹಾಪೂರ ಬೇರಿಲ್ಲದ ದಂಡೆಯನ್ನೇ ಕೊಚ್ಚಿಕೊಂಡು ಹೋಯಿತು. ಮಡುವಿನ ತುಂಬ ಮರಳು. ಬಲೆ ಎಳೆದರೆ ಏಡಿ ಬರುತ್ತವೆ. ಓಣಿಯ ಏಳು ಮನೆಯವರು ಉಗರಗೋಳಕ್ಕೆ ಹೋಗಿ ಗುಡ್ಡದ ಜಾತ್ರೆಗೆ ಬರುವವರ ಗಂಟು ಹೊರುತ್ತಿದ್ದಾರೆ. ಜನರನ್ನು ಹೊಳೆ ದಾಟಿಸಿದವರು ಅವರು.

ನೀನು ಬಂದಾಗ ಹೊಸ ಗಡಿಗೆಯಲ್ಲಿ ಮಜ್ಜಿಗೆ ಕೊಟ್ಟ ನನ್ನ ಅವ್ವ ಬಾಯವ್ವ ನಿನ್ನನ್ನು ಮರೆತಿಲ್ಲ. "ಅಷ್ಟು ಓದಿದಂವಾ, ಯಾಕ ಬಿಟ್ಟೀರಿ ಅಂತ ಒಂದ ಮಾತು ಕೇಳಬಾರದಿತ್ತೇನೋ?" ಎಂದು ದಿನಾ ಅನ್ನುತ್ತಾಳೆ. "ಕೇಳಲಿಲ್ಲ ಬೇ" ಎನ್ನುತ್ತೇನೆ. ಪಂಚರ ಮುಂದೆಯೂ ಹಾಗೇ ಹೇಳಿದ್ದೇನೆ. ಓಣಿಯ ಹೆಂಗಸರು ನಿನ್ನ ಹೆಸರು ಹೇಳಿ ಉಗುಳುತ್ತಾರೆ.

ಒಂದು ಉಪಕಾರ ಮಾಡು. ಬರುವ ತಿಂಗಳು ಉಳಿದ ಮಡುಗಳನ್ನೂ ಲಿಲಾವಿಗೆ ಹಾಕುತ್ತಾರಂತೆ. ವರದಿಯಲ್ಲಿ ತಪ್ಪಾಗಿದೆಯೆಂದು ಸಾಹೇಬರಿಗೆ ಬರೆ. ಒಂದು ಮಡು ಉಳಿದರೂ ಸಾಕು, ಅದರ ಬೇರು ತಂದು ಗಂಗವ್ವನ ದಂಡೆಗೆ ನೆಡುತ್ತೇವೆ. ನಿನ್ನ ನೌಕರಿಗೆ ಕುತ್ತು ಬಂದೀತೆಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ನಿನ್ನ ಮಗಳು ತಂಗೆವ್ವ ನೂರು ಕಾಲ ಬಾಳಲಿ. ನಿನ್ನ ಮನೆಯಲ್ಲಿ ಅನ್ನಕ್ಕೆ ಎಂದೂ ಕಡಿಮೆಯಾಗದಿರಲಿ.

ಇತಿ ನಿನ್ನ,
ಯಮನಪ್ಪ

ತಾ. ಕ.: ನೀನು ಕೇಳಿದ್ದೆ. ಆ ದಂಡೆಯ ಮೇಲೆ ನಿಂತು, "ಇದನ್ನ ಯಾಕ ಬಿಟ್ಟೀರೋ ಯಮನ್ಯಾ?" ಎಂದು ನನ್ನನ್ನೇ ಕೇಳಿದ್ದೆ. ನಿನ್ನ ಜೊತೆ ರುಮಾಲು ಸುತ್ತಿದ ಇಬ್ಬರು ಗುಮಾಸ್ತರಿದ್ದರು. ಸಾಲೆಯಲ್ಲಿ ನಾನು ಬಂದು ಕೂತರೆ ಮೀನಿನ ನಾತವೆಂದು ಎಲ್ಲರೂ ಧೋತರದ ಚುಂಗಿನಿಂದ ಮೂಗು ಮುಚ್ಚುತ್ತಿದ್ದರು, ನೀನೊಬ್ಬನೇ ಮುಚ್ಚಲಿಲ್ಲ. ಆ ಇಬ್ಬರು ರುಮಾಲಿನವರ ಎದುರು ಮೀನು, ತತ್ತಿ, ಗಂಗವ್ವ ಎನ್ನಲು ನನಗೆ ನಾಚಿಕೆಯಾಯಿತು. "ಸುಮ್ನ ಬಿಟ್ಟೇವಿ, ಅದು ಯಾರಿಗೂ ಬೇಕಾಗಿಲ್ಲ" ಎಂದೆ. ನೀನು ನಾನು ಹೇಳಿದ್ದನ್ನೇ ಬರೆದೆ. ಸಾಹೇಬರಿಗೆ ತಿಳಿಸುವಾಗ, ತಪ್ಪು ಹೇಳಿದವನು ಯಮನಪ್ಪನೆಂದೇ ತಿಳಿಸು. ಇಲ್ಲಿ ಮಾತ್ರ, ಅವ್ವ ಇರುವವರೆಗೆ, ಆ ತಪ್ಪು ನಿನ್ನ ಹೆಸರಿನಲ್ಲೇ ಇರಲಿ.