ಮೊದಲನೇ ಸೇರಿಗೆ ಏನನ್ನಬೇಕು?

ಮನೆಪಾಠ ಅಭಿಯಾನದ ಮೈಕ್ ಹಿಡಿದು ನಮ್ಮೂರಿಗೆ ಬಂದಿದ್ದ ಮಾನ್ಯ ಅಧಿಕಾರಿಗಳೇ,

ಕಳೆದ ತಿಂಗಳು ನಮ್ಮೂರ ಅಂಗನವಾಡಿ ಮುಂದೆ ಹಾಕಿದ್ದ ಶಾಮಿಯಾನದಲ್ಲಿ ಐದು ವರ್ಷದ ಒಂದು ಹುಡುಗಿ ಹುಣಸೆ ಬೀಜ ಎಣಿಸಿದ್ದು, ಅದನ್ನು ಕೇಳಿ ಇಡೀ ಶಾಮಿಯಾನ ನಕ್ಕಿದ್ದು ತಮಗೆ ನೆನಪಿರಬಹುದು. ಮರೆತಿದ್ದರೆ ಅಭಿಯಾನದ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಇದೆ, ನಕ್ಕು ನಕ್ಕು ಕಣ್ಣೀರು ಸುರಿಸುವ ಹಳದಿ ಮುಖಗಳ ಸಮೇತ. ಆ ಹುಡುಗಿ ನನ್ನ ಮಗಳು ಪ್ರಿಯಾ. ನಗು ನಿಂತ ಮೇಲೆ ಅವಳ ಕಲಿಕಾ ಕಾರ್ಡಿನಲ್ಲಿ ತಮ್ಮ ಸಿಬ್ಬಂದಿ ಬರೆದದ್ದು ಇಷ್ಟು: 'ಎರಡರಿಂದ ಹತ್ತರವರೆಗೆ ಎಣಿಸಬಲ್ಲಳು. ಒಂದರ ಪರಿಚಯವಿಲ್ಲ.' ಎರಡು ಗೊತ್ತಿದ್ದು ಒಂದು ಗೊತ್ತಿಲ್ಲದ ಮಗುವೊಂದನ್ನು ಕಂಡುಹಿಡಿದ ಕೀರ್ತಿ ತಮ್ಮ ಕಚೇರಿಗೇ ಸಲ್ಲಬೇಕು. ಆ ಸಾಲನ್ನು ತಿದ್ದಿಕೊಡಿ ಎಂದು ಕೇಳಲು ಈ ಪತ್ರ. ಅಷ್ಟೇ ಆಗಿದ್ದರೆ ಕಚೇರಿಗೆ ಬಂದು ಕೇಳುತ್ತಿದ್ದೆ. ನಾನು ನಾಚಿಕೆಗೇಡಿನ ಕೆಲಸ ಮಾಡಿದ್ದು ನಾಲ್ಕು ಜನರ ಮುಂದೆ. ಹಾಗಾಗಿ ಪತ್ರವೂ ನಾಲ್ಕು ಜನರ ಮುಂದೆಯೇ ಇರಲಿ.

ನಾನು ಕೃಷ್ಣರಾಜನಗರದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಜನರ ಅರ್ಜಿಗಳನ್ನು ಟೈಪು ಮಾಡುವವಳು. ಬಿ.ಎ. ಓದಿದ್ದೇನೆ. 'ತಮ್ಮಲ್ಲಿ ವಿನಮ್ರವಾಗಿ ಕೋರಿಕೊಳ್ಳುವುದೇನೆಂದರೆ' ಎಂದು ದಿನಕ್ಕೆ ಎಷ್ಟು ಸಲ ಬಡಿಯುತ್ತೇನೋ ಲೆಕ್ಕವಿಲ್ಲ. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಪ್ರಿಯಾಳನ್ನು ನೋಡಿಕೊಳ್ಳುವವರು ನಮ್ಮ ಅತ್ತೆ ಸುಂದ್ರಮ್ಮ. ಅಂಗನವಾಡಿಗೆ ಬಿಡುವುದು, ಕರೆತರುವುದು, ಉಣ್ಣಿಸುವುದು, ಅವಳ ಕೊನೆ ಮುಟ್ಟದ ಪ್ರಶ್ನೆಗಳಿಗೆ ಉತ್ತರ ಹೇಳುವುದು, ಎಲ್ಲ ಅವರದೇ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ತಮ್ಮ ಅಭಿಯಾನದ ಕರಪತ್ರ ನಮ್ಮ ಮನೆಗೂ ಬಂದಿತ್ತು. ನುಣುಪು ಕಾಗದ, ಬಣ್ಣದ ಚಿತ್ರ. ಚಿತ್ರದಲ್ಲಿ ಕನ್ನಡಕ ಹಾಕಿದ ಅಪ್ಪ, ನಗುವ ಅಮ್ಮ, ಮೇಜು, ಮೇಜಿನ ಮೇಲೆ ಭೂಗೋಳ. ಮಗುವಿಗೆ ಒಂದು ಎರಡು ಕಲಿಸಲು ಭೂಗೋಳ ಏಕೆ ಬೇಕೋ ನನಗೆ ತಿಳಿಯಲಿಲ್ಲ. ಆದರೆ ಒಳಪುಟದಲ್ಲಿ ಒಳ್ಳೆಯ ಮಾತುಗಳಿದ್ದವು, ಸುಳ್ಳೇಕೆ ಹೇಳಲಿ. 'ಮನೆಯಲ್ಲಿ ಸಿಗುವ ಕಾಳು, ಬೀಜ, ಕಡ್ಡಿಗಳಿಂದಲೇ ಎಣಿಕೆ ಕಲಿಸಿ. ಅಡುಗೆಮನೆಯ ಕೆಲಸದಲ್ಲಿ ಮಗುವನ್ನು ಸೇರಿಸಿಕೊಳ್ಳಿ. ಮನೆಯ ಹಿರಿಯರನ್ನೂ ತೊಡಗಿಸಿ.' ನಾನು ಇದನ್ನು ಅತ್ತೆಗೆ ಓದಿ ಹೇಳಿದೆ. ಅವರು ಮೊರದಲ್ಲಿದ್ದ ರಾಗಿಯಿಂದ ಕಣ್ಣೆತ್ತದೆ, "ಇದ್ನೇ ಅಲ್ವಾ ಕಣಮ್ಮಿ ನಾವು ಮಾಡ್ತಿರಾದು? ಇದ್ಕೆಲ್ಲಾ ಕಾಗ್ದ ಯಾಕೆ ಅಚ್ಚಾಕ್ಸವ್ರೆ?" ಎಂದರು.

ಅವರು ಮಾಡುತ್ತಿದ್ದುದು ನಿಜವಾಗಿಯೂ ಅದನ್ನೇ. ನಮ್ಮ ಮನೆಯಲ್ಲಿ ರಾಗಿಯನ್ನು ಗಿರಣಿಗೆ ಕಳಿಸುವ ಮುಂಚೆ ಸೇರಿನಲ್ಲಿ ಅಳೆದು ಚೀಲಕ್ಕೆ ತುಂಬುವುದು ರೂಢಿ. ಪ್ರಿಯಾ ಕೂರಲು ಕಲಿತಾಗಿನಿಂದ ಆ ರಾಶಿಯ ಪಕ್ಕದಲ್ಲೇ ಕೂತವಳು. ಅಜ್ಜಿ ಸೇರು ತುಂಬಿ, ಅಂಗೈಯಲ್ಲಿ ಮೇಲ್ಭಾಗ ಸವರಿ, ಚೀಲಕ್ಕೆ ಸುರಿಯುತ್ತಾ ರಾಗವಾಗಿ ಹೇಳುತ್ತಾರೆ: "ಲಾಭಾ... ಎಲ್ಡೂ... ಮೂರೂ..." ಮೊಮ್ಮಗಳು ಜೊತೆಗೆ ಕೂಗುತ್ತಾಳೆ. ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕಣದಲ್ಲಿ ಭತ್ತ ಅಳೆಯುತ್ತಿದ್ದ ಕಾಲದಿಂದ ಬಂದ ವಾಡಿಕೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನೇ ಏಕೆ ಎಂದು ಕೇಳಿದ್ದೆ. "ಒಂದು ಅಂದ್ಬುಟ್ರೆ ಒಂದ್ಕೇ ನಿಂತೋಯ್ತದೆ ಕಣವ್ವ. ಲಾಭ ಅಂದ್ರೆ ಇನ್ನೂ ಬತ್ತದೆ" ಎಂದಿದ್ದರು. ನನಗೆ ಅದು ಇಷ್ಟವಾಗಿತ್ತು. ಇಷ್ಟವಾಗಿತ್ತು ಎಂಬುದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹುಣಸೆ ಬೀಜ, ಬದನೆಕಾಯಿ, ಒಗೆದು ಹರವಿದ ಬಟ್ಟೆ, ಏನನ್ನೇ ಎಣಿಸಲಿ, ನನ್ನ ಮಗಳ ಎಣಿಕೆ ಲಾಭದಿಂದಲೇ ಶುರು. ಎಣಿಸುವುದೆಂದರೆ ಅವಳಿಗೆ ಅಷ್ಟು ಖುಷಿ. ಬಸ್ಸಿನ ಕಿಟಕಿಯಲ್ಲಿ ಕೂತು ಚುಂಚನಕಟ್ಟೆಯವರೆಗೂ ತೆಂಗಿನಮರ ಎಣಿಸಿ ಪಕ್ಕದವರ ತಲೆ ತಿಂದವಳು. 'ಮನೆಯಲ್ಲಿ ಒಂದು ಮೇಷ್ಟ್ರು ಇದ್ದಂಗಾಯ್ತು' ಎಂದು ನನ್ನ ಗಂಡ ಮಲ್ಲೇಶ್ ರೇಗಿಸುತ್ತಿದ್ದರು.

ಈಗ ಆ ದಿನಕ್ಕೆ ಬರೋಣ. ಅಂಗಡಿಗೆ ರಜೆ ಹಾಕಿ ನಾನೂ ಬಂದಿದ್ದೆ. ತಾವು ಪ್ರಿಯಾಳ ಮುಂದೆ ಹುಣಸೆ ಬೀಜ ಹರಡಿ, ಮೈಕನ್ನು ಅವಳ ಬಾಯಿಗೆ ಹಿಡಿದು, ಎಣಿಸು ಪುಟ್ಟಿ ಎಂದಿರಿ. ಅವಳು ಒಂದೊಂದೇ ಬೀಜ ಸರಿಸುತ್ತಾ "ಲಾಭ, ಎಲ್ಡು, ಮೂರು" ಎಂದಳು. ತಾವು ಸಭೆಯ ಕಡೆ ತಿರುಗಿ, "ಏನ್ರಪ್ಪಾ ಇದು, ಈ ವಯಸ್ಸಿಗೇ ಲಾಭ ನೋಡ್ತಾ ಇದೆಯಲ್ಲ ಮಗು! ನಷ್ಟ ಯಾವಾಗ ಬರುತ್ತಮ್ಮ?" ಎಂದಿರಿ. ಜನ ನಕ್ಕರು. ಮೆಚ್ಚಿ ನಕ್ಕರೆಂದುಕೊಂಡು ಅವಳು ಮತ್ತೆ ಮೊದಲಿನಿಂದ, ಇನ್ನೂ ಜೋರಾಗಿ "ಲಾಭ!" ಎಂದಳು. ಎರಡನೇ ಸಲದ ನಗುವಿಗೆ ಶಾಮಿಯಾನದ ಬಟ್ಟೆ ಹಾರಿಹೋಗುವುದೊಂದು ಬಾಕಿ. ಆಗ ಅವಳ ಮುಖ ಸಣ್ಣಗಾಯಿತು. ವಿಡಿಯೊದಲ್ಲಿ ಅದು ಇಲ್ಲ, ಯಾಕೆಂದರೆ ಕ್ಯಾಮೆರಾ ತಮ್ಮ ಕಡೆ ತಿರುಗಿತ್ತು.

ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ ಎಂದು ತಾವು ಕೇಳಿದಿರಿ. ಪ್ರಿಯಾ ಅಜ್ಜಿಯನ್ನು ತೋರಿಸಿದಳು. ನಮ್ಮ ಅತ್ತೆ, ಸರ್ಕಾರದವರೇ ಕರೆದರೆಂದು ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೈ ಮುಗಿದರು. ನಗುತ್ತಲೇ ಇದ್ದರು. ಜನ ನಕ್ಕಿದ್ದು ಯಾಕೆಂದು ಅವರಿಗಿನ್ನೂ ತಿಳಿದಿರಲಿಲ್ಲ. ಮೈಕ್ ಕೈಯಿಂದ ಕೈಗೆ ಬಂದು ಅವರ ಪಕ್ಕದಲ್ಲಿದ್ದ ನನ್ನ ಕೈ ಸೇರಿತು. ಓದಿದವಳ ಹಾಗೆ ಕಂಡಿರಬೇಕು.

ನಾನು ಹೇಳಿದ್ದು ವಿಡಿಯೊದಲ್ಲಿ ಸ್ಪಷ್ಟವಾಗಿದೆ. "ಸರ್, ನಾನು ಹೇಳಿಕೊಡುವುದು ಒಂದು ಎರಡು ಅಂತಲೇ. ನಮ್ಮ ಅತ್ತೆ ಓದಿದವರಲ್ಲ. ಅವರ ಹತ್ತಿರ ಬಿಟ್ಟಿದ್ದಕ್ಕೆ ಹೀಗಾಗಿದೆ. ಇನ್ನು ಮುಂದೆ ಹಾಗಾಗದ ಹಾಗೆ ನೋಡಿಕೊಳ್ಳುತ್ತೇನೆ." ಮನೆಯಲ್ಲಿ ಅಳ್ಳಿ, ಆಲು, ಊವು ಎನ್ನುವ ನಾನು ಮೈಕಿನಲ್ಲಿ ಒಂದೇ ಒಂದು ಹಕಾರವನ್ನೂ ಕೆಳಗೆ ಬೀಳಿಸಲಿಲ್ಲ. ತಾವು 'ವೆರಿ ಗುಡ್' ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ನಾನು ಹೇಳಿದ್ದು ಸುಳ್ಳು, ಮಾನ್ಯರೇ. ನನ್ನ ಮಗಳಿಗೆ ನಾನು ಒಂದು ದಿನವೂ ಎಣಿಕೆ ಹೇಳಿಕೊಟ್ಟವಳಲ್ಲ. ಮೂರಾದರೂ ಅವಳಿಗೆ ಬಂದಿದ್ದರೆ, ಹತ್ತಾದರೂ ಬಂದಿದ್ದರೆ, ಅದು ಅತ್ತೆಯದು. ಅದನ್ನು ಮುಚ್ಚಿಟ್ಟು, ಲಾಭವನ್ನು ಮಾತ್ರ ಅವರ ತಲೆಗೆ ಕಟ್ಟಿದೆ. ಚಪ್ಪಾಳೆ ಮುಗಿಯುವ ಹೊತ್ತಿಗೆ ಅತ್ತೆ ಕೂತಿದ್ದರು. ಮುಗಿದ ಕೈ ಬಿಡಿಸಿ ಮಡಿಲಲ್ಲಿಟ್ಟುಕೊಂಡಿದ್ದರು.

ಮನೆಗೆ ನಡೆಯುವಾಗ ಅವರು ಕೇಳಿದ್ದು ಒಂದೇ ಮಾತು. "ಉಷಾ, ನಾನು ಮಗೀಗೆ ತಪ್ಪು ಹೇಳ್ಕೊಟ್ಬುಟ್ನಾ?" ಬಾಯ್ತುಂಬ ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಇಷ್ಟರಲ್ಲೇ ನಿಂತಿದ್ದರೆ ಈ ಪತ್ರವನ್ನು ಅತ್ತೆಗೆ ಬರೆಯಬೇಕಿತ್ತು, ತಮಗಲ್ಲ. ತಮಗೆ ಬರೆಯಲು ಬೇರೆ ಕಾರಣವಿದೆ. ಕಾರ್ಯಕ್ರಮ ಮುಗಿದ ಮೇಲೆ ಪ್ರಿಯಾಳ ಚಪ್ಪಲಿ ಹುಡುಕುತ್ತಾ ನಾನು ತಮ್ಮ ಜೀಪಿನ ಹಿಂದೆ ಬಗ್ಗಿದ್ದೆ. ತಾವು ನೋಡಲಿಲ್ಲ. ಬಾಗಿಲು ತೆಗೆಯುತ್ತಾ ಡ್ರೈವರಿಗೆ ಹೇಳಿದಿರಿ: "ನಮ್ಮಜ್ಜಿನೂ ಇಂಗೇ ಕಣೋ. ರಾಗಿ ಅಳೆವಾಗ ಲಾಭ ಅಂತ್ಲೇ ಶುರು ಮಾಡೋಳು. ಎಷ್ಟ್ ವರ್ಸ ಆಗಿತ್ತೋ ಕೇಳಿ." ತಮ್ಮ ದನಿ ಎಷ್ಟು ಮೆತ್ತಗಿತ್ತು! ವೇದಿಕೆಯ ಮೇಲೆ ಇಲ್ಲದ ದನಿ. ತಮ್ಮ ಬಾಯಲ್ಲೂ ಹಕಾರ ಬಿದ್ದುಹೋಗಿತ್ತು.

ಅಂದರೆ ತಮಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆ ಶಾಮಿಯಾನದಲ್ಲಿ ನಲವತ್ತು ದಾಟಿದ ಯಾರಿಗೆ ಗೊತ್ತಿರಲಿಲ್ಲ ಹೇಳಿ? ನಕ್ಕವರ ಮನೆಗಳಲ್ಲೇ ಆ ಸೇರು ಇದೆ, ಆ ರಾಗ ಇದೆ. ಗೊತ್ತಿಲ್ಲದೆ ನಕ್ಕರೆ ಅದು ಅಜ್ಞಾನ, ಒಂದು ಕರಪತ್ರ ಹಂಚಿದರೆ ಹೋಗುತ್ತದೆ. ಗೊತ್ತಿದ್ದೂ ನಕ್ಕೆವಲ್ಲ, ಅದಕ್ಕೆ ಯಾವ ಅಭಿಯಾನ ಮಾಡುತ್ತೀರಿ? ತಾವು ಮೈಕ್ ಹಿಡಿದು ನಿಮ್ಮಜ್ಜಿಯನ್ನು ಮರೆಸಿಟ್ಟಿರಿ, ನಾನು ಮೈಕ್ ಹಿಡಿದು ನಮ್ಮತ್ತೆಯನ್ನು ಬಿಟ್ಟುಕೊಟ್ಟೆ. ತಮಗೆ ಹುದ್ದೆ ಇದೆ, ನನಗೆ ಬಿ.ಎ. ಇದೆ. ಅದು ಬಿಟ್ಟರೆ ನಮ್ಮಿಬ್ಬರಿಗೂ ಏನು ವ್ಯತ್ಯಾಸವಿದೆ?

ಮಗು ಶಾಲೆಗೆ ಹೋದರೆ ಒಂದು ಎನ್ನಲು ಕಲಿಯಬೇಡವೇ ಎಂದು ತಾವು ಕೇಳಬಹುದು. ಖಂಡಿತ ಕಲಿಯಬೇಕು. ಅದಕ್ಕೆ ಎಷ್ಟು ಹೊತ್ತು ಬೇಕು? "ರಾಗಿ ಅಳೆಯುವಾಗ ಲಾಭ, ಶಾಲೆಯಲ್ಲಿ ಒಂದು, ಅದೂ ಇದೂ ಒಂದೇ ಕಣಮ್ಮ" ಎಂದು ತಾವು ಅವಳ ಕೆನ್ನೆ ಮುಟ್ಟಿ ಹೇಳಿದ್ದರೆ ಮುಗಿಯುತ್ತಿತ್ತು. ಅಮ್ಮನಿಗೆ ಅವ್ವ ಅಂತಲೂ ಅನ್ನುತ್ತಾರೆಂದು ತಿಳಿದ ಮಗುವಿಗೆ ಇದು ಕಷ್ಟವೇ? ಎಣಿಸುವುದೆಂದರೆ ಒಂದು ಬೀಜಕ್ಕೆ ಒಂದು ಮಾತು ಹೊಂದಿಸುವುದು, ಬಿಡದೆ, ಎರಡು ಸಲ ಮುಟ್ಟದೆ. ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ತಮ್ಮ ಸಿಬ್ಬಂದಿ ಪರೀಕ್ಷಿಸಿದ್ದು ಅದನ್ನೋ, ಅವಳ ಮನೆಯನ್ನೋ?

ಬರುತ್ತಿತ್ತು ಎಂದು ಬರೆದೆ. ಅದಕ್ಕೂ ಕಾರಣವಿದೆ.

ಆ ದಿನದಿಂದ ನಮ್ಮ ಮನೆಯಲ್ಲಿ ರಾಗಿಯನ್ನು ಸದ್ದಿಲ್ಲದೆ ಅಳೆಯಲಾಗುತ್ತಿದೆ. ಅತ್ತೆ ತುಟಿ ಬಿಗಿದುಕೊಂಡು ಸುರಿಯುತ್ತಾರೆ. ನಾನು ಕಾಲು ಹಿಡಿಯುವುದೊಂದು ಬಾಕಿ, ತಪ್ಪಾಯಿತು ಅತ್ತೆ, ಮೊದಲಿನ ಹಾಗೇ ಎಣಿಸಿ ಎಂದು ಬೇಡಿಕೊಂಡೆ. "ಬ್ಯಾಡ ಕಣವ್ವ. ನನ್ನಿಂದ ಮಗೀಗೆ ಮಾರ್ಕು ಓಯ್ತದೆ" ಎಂದರು. ಕೋಪದಿಂದಲ್ಲ, ನಿಜಕ್ಕೂ ಹಾಗೆಂದೇ ನಂಬಿದ್ದಾರೆ. ಮಲ್ಲೇಶ್, "ಬುಡು, ನಾಕ್ ದಿನ ಆದ್ರೆ ಎಲ್ಲಾ ಮರ್ತೋಯ್ತದೆ" ಎಂದು ಸಮಾಧಾನ ಮಾಡಿದರು. ನಾನೂ ಹಾಗೆಂದೇ ಕಾದೆ.

ಹೋದ ಭಾನುವಾರ ಅತ್ತೆಗೆ ಮೊಣಕೈ ನೋವಿತ್ತು. ಸೇರನ್ನು ಪ್ರಿಯಾಳ ಕೈಗೆ ಕೊಟ್ಟರು. ನಾನು ಚೀಲದ ಬಾಯಿ ಅಗಲಿಸಿ ಹಿಡಿದು ಕೂತೆ, ಇವತ್ತಾದರೂ ಬಾಯಿ ಬಿಡುತ್ತಾಳೆಂದು ಆಸೆ. ಅವಳು ಎರಡೂ ಕೈಯಲ್ಲಿ ಸೇರು ತುಂಬಿ, ಅಜ್ಜಿಯ ಹಾಗೆಯೇ ಸವರಿ, ಚೀಲಕ್ಕೆ ಸುರಿದಳು. ಏನೂ ಅನ್ನಲಿಲ್ಲ. ಇನ್ನೊಂದು ತುಂಬಿ ಸುರಿದಳು. "ಎರಡು" ಎಂದಳು, ತಪ್ಪಿಲ್ಲದೆ, ಪುಸ್ತಕದ ಎರಡು. ಆಮೇಲೆ ಮೂರು, ನಾಲ್ಕು. ಒಂದು ಕಾಳೂ ಹೊರಗೆ ಬೀಳಲಿಲ್ಲ.

"ಮೊದಲ್ನೇದ್ಕೆ ಏನೂ ಅನ್ಲೇ ಇಲ್ವಲ್ಲ ಮಗ?" ಎಂದೆ.

ಪ್ರಿಯಾ ಅಜ್ಜಿಯ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅದ್ಕೆ ಏನೂ ಅನ್ಬಾರ್ದು ಕಣಮ್ಮ. ಅಂದ್ರೆ ಅಜ್ಜೀಗೆ ಬಯ್ತೀಯ."

ಸರ್ಕಾರದವರು ಬೈಯುತ್ತಾರೆ ಎನ್ನಲಿಲ್ಲ, ಮಾನ್ಯರೇ. ನೀನು ಬೈಯುತ್ತೀಯ ಎಂದಳು.

ಆದ್ದರಿಂದ ತಮ್ಮ ಕಾರ್ಡು ಈಗ ಸರಿಯಾಗಿದೆ. ಎರಡರಿಂದ ಹತ್ತರವರೆಗೆ ಎಣಿಸಬಲ್ಲಳು, ಒಂದಿಲ್ಲ. ಬರೆದ ದಿನ ಸುಳ್ಳಾಗಿದ್ದುದನ್ನು ನಾವಿಬ್ಬರೂ ಸೇರಿ ನಿಜ ಮಾಡಿದ್ದೇವೆ.

ಹಾಗಾಗಿ ಕಾರ್ಡು ತಿದ್ದಿ ಎಂಬ ನನ್ನ ಕೋರಿಕೆಯನ್ನು ವಾಪಸ್ ಪಡೆಯುತ್ತೇನೆ. ವಿಡಿಯೊ ಅಳಿಸಿದರೆ ಸಂತೋಷ, ಅಳಿಸದಿದ್ದರೆ ನನಗೆ ತಕ್ಕ ಶಾಸ್ತಿ. ನಾನು ಕೇಳುವುದು ಬೇರೆ. ಅದೇ ಅಂಗನವಾಡಿ ಮುಂದೆ, ಅದೇ ಮೈಕ್ ಹಾಕಿಸಿ, ಅಷ್ಟೇ ಜನರನ್ನು ಕರೆಸಿ, ಜೀಪಿನ ಬಾಗಿಲಲ್ಲಿ ಡ್ರೈವರಿಗೆ ಹೇಳಿದ ಮಾತನ್ನು ಇನ್ನೊಂದು ಸಲ ಹೇಳಿ. ನಿಮ್ಮಜ್ಜಿ ಲಾಭ ಎನ್ನುತ್ತಿದ್ದರು ಎಂದು ಹೇಳಿ. ಅದೇ ಮೆತ್ತಗಿನ ದನಿಯಲ್ಲಿ, ಹಕಾರ ಬಿದ್ದರೆ ಬೀಳಲಿ. ತಾವು ಮುಗಿಸಿದ ಮೇಲೆ ಮೈಕನ್ನು ನನ್ನ ಕೈಗೆ ಕೊಡಿ. ನಮ್ಮತ್ತೆ ಎದ್ದು ನಿಲ್ಲಬೇಕಾಗಿಲ್ಲ, ಈ ಸಲ ನಾನು ನಿಲ್ಲುತ್ತೇನೆ. ಆಮೇಲೆ ನನ್ನ ಮಗಳ ಮುಂದೆ ಒಂದು ಸೇರು ರಾಗಿ ಇಡಿ. ಅವಳು ಬಾಯಿ ಬಿಟ್ಟು ಏನು ಅಂದರೂ ಸರಿ.

ಇಂತಿ, ಮೈಕ್ ಸಿಕ್ಕ ಕೂಡಲೇ ಮನೆಯವರನ್ನು ಮರೆತ,
ಉಷಾರಾಣಿ
ಸುಂದ್ರಮ್ಮನವರ ಸೊಸೆ
ಕೃಷ್ಣರಾಜನಗರ ತಾಲ್ಲೂಕು