ಮಧ್ಯಮ ಎಂದ ಅಣ್ಣನಿಗೆ

ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಅತ್ತಿಗೆ ಹೊಸ ಕನ್ನಡಕ ಮಾಡಿಸಿಕೊಂಡರಂತೆ. ನೀನೂ ಒಂದು ಮಾಡಿಸಿಕೋ, ಯಾಕೆಂದು ಹೇಳುತ್ತೇನೆ. ಮೊದಲು ಒಂದು ಲೋಟ ನೀರು ಕುಡಿದು ಕೂತುಕೋ. ನಾನಂತೂ ಬಹಳ ಖುಷಿಯಲ್ಲಿದ್ದೇನೆ. ನಲವತ್ತು ವರ್ಷದಿಂದ ನಿನಗೆ ತಿರುಗಿಸಿ ಕೊಡಬೇಕೆಂದಿದ್ದ ಏಟು ಕೊನೆಗೂ ಕೈಗೆ ಸಿಕ್ಕಿದೆ.

ಹನ್ನೆರಡು ವರ್ಷಕ್ಕೇ ನಿನ್ನ ನೆತ್ತಿಯನ್ನು ಮೇಲಿನಿಂದ ನೋಡಿದವಳು ನಾನು. ಆ ಸಂಕಟಕ್ಕೆ ನೀನು ಮನೆಯ ಕಬ್ಬಿಣದ ಕಪಾಟು ನೋಡಿ ನನಗೆ ಬೀರು ಅಂತ ಹೆಸರಿಟ್ಟೆ. "ದಾರಿ ಬಿಡ್ರೋ, ಬೀರು ಬರ್ತಿದೆ!" ಎಂದು ಬೀದಿಯಲ್ಲೆಲ್ಲ ಕೂಗುತ್ತಿದ್ದೆ. ಮದುವೆಯ ದಿನ ನಮ್ಮ ಮಾವನವರ ಎದುರಿಗೇ, "ಅಡ್ಡಡ್ಡ ಮಾಡಿ ಸಾಗಿಸ್ರಪ್ಪಾ, ಬಾಗಿಲು ಕಿತ್ತು ಬಂದೀತು" ಅಂದೆ. ನಕ್ಕವರಲ್ಲಿ ನಾನೂ ಒಬ್ಬಳು, ನಿಜ. ಮರೆತವರಲ್ಲಿ ನಾನಿಲ್ಲ.

ಮರೆತವನು ನೀನು. ಆರು ತಿಂಗಳ ಹಿಂದೆ ನಮ್ಮ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟು ಎತ್ತುವಾಗ ಏದುಸಿರು ಬಂದು, ಹೃದಯದ ಸ್ಕ್ಯಾನ್ ಮಾಡಿಸಿ ನಿನಗೆ ಕಳಿಸಿದೆ. ಊರಿಗೆಲ್ಲ ನೀನು ಹೃದಯದ ಡಾಕ್ಟರು, ನನಗೆ ಇರುವ ಒಬ್ಬನೇ ಅಣ್ಣ. ಕವಾಟದ ಬಾಯಿ ಒಂದು ಪಾಯಿಂಟ್ ಒಂದು ಚದರ ಸೆಂಟಿಮೀಟರ್ ಎಂದಿತ್ತು. ನೀನು ಫೋನಿನಲ್ಲಿ ಊಟ ಅಗಿಯುತ್ತಲೇ, "ಒಂದಕ್ಕಿಂತ ಕಿರಿದಾದ್ರೆ ತೀವ್ರ, ನಿಂದು ಒಂದಕ್ಕಿಂತ ಮೇಲಿದೆ ಕಣೇ, ಮಧ್ಯಮ ಅಷ್ಟೇ. ವರ್ಷ ಬಿಟ್ಟು ನೋಡೋಣ. ಬೀರು ಸ್ವಲ್ಪ ತುಕ್ಕು ಹಿಡೀತಿದೆ" ಅಂದೆ. ಬೀರು ಅಂತ ಬಾಯಿಗೆ ಬಂತು, ಬೀರುವಿನ ಅಳತೆ ಮಾತ್ರ ತಲೆಗೆ ಬರಲಿಲ್ಲ!

ಹೋದ ವಾರ ಇಸ್ತ್ರಿ ಮೇಜಿನ ಬಳಿ ದೊಪ್ಪನೆ ಬಿದ್ದೆ. ನಾಲ್ಕು ಜನ ಹೊತ್ತು ತಂದರು. ಇಲ್ಲಿಯ ಡಾಕ್ಟರಮ್ಮ ನನ್ನ ಭುಜಕ್ಕೂ ಬರುವುದಿಲ್ಲ. ನನಗೆ ಎಚ್ಚರವಾದ ಮೇಲೆ ಗೋಡೆಗೆ ಒರಗಿಸಿ ಎತ್ತರ ಅಳೆದು, ತೂಕ ನೋಡಿ, ಕವಾಟದ ಅಳತೆಯನ್ನು ಮೈಯ ಅಳತೆಯಿಂದ ಭಾಗಿಸಿದರು. ಪಕ್ಕದಲ್ಲಿ ಮುದುರಿ ಕೂತಿದ್ದ ಅಮ್ಮನನ್ನು ತೋರಿಸಿ, "ಇಷ್ಟು ಪುಟ್ಟ ಮೈಗೆ ಈ ಬಾಯಿ ಮಧ್ಯಮ. ನಿಮಗೆ ತೀವ್ರ. ಬರೀ ಕೊಬ್ಬಿದ್ದಿದ್ರೆ ಈ ಲೆಕ್ಕ ನಾನೂ ಅಷ್ಟು ನಂಬ್ತಿರಲಿಲ್ಲ, ನಿಮ್ಮದು ಮೂಳೆ ಮಾಂಸ" ಅಂದರು. ಮತ್ತೆರಡು ಪರೀಕ್ಷೆಗಳೂ ಅದನ್ನೇ ಹೇಳಿದವು. ನನಗೆ ತಟ್ಟನೆ ಅರ್ಥವಾಯಿತು. ಮನೆ ಮಷಿನ್ನಿನ ಪೈಪನ್ನು ನಮ್ಮ ಲಾಂಡ್ರಿಯ ದೊಡ್ಡ ಡ್ರಮ್ಮಿಗೆ ಸಿಕ್ಕಿಸಿದರೆ ನೀರು ಹೋಗದೆ ಮೋಟಾರು ಗೋಳಿಡುತ್ತದಲ್ಲ, ಹಾಗೆ.

"ಎಲ್ಲಿ ಕಲಿತಿರಮ್ಮಾ ಇದನ್ನ?" ಎಂದು ಕೇಳಿದೆ. ಅಣ್ಣಾ, ನಿನ್ನ ತರಗತಿಯಲ್ಲಂತೆ! "ಆಳು ನೋಡದೆ ಅಂಕಿ ನೋಡೋನು ಡಾಕ್ಟರಲ್ಲ, ಗುಮಾಸ್ತ" ಎಂದು ಮೇಜು ಕುಟ್ಟಿ ಹೇಳುತ್ತಿದ್ದೆಯಂತೆ. ನಾನು ನಕ್ಕ ನಗೆಗೆ ಪಕ್ಕದ ಯಂತ್ರ ಬಡಿದುಕೊಂಡು ನರ್ಸಮ್ಮ ಓಡಿ ಬಂದಳು.

ಇನ್ನು ನನ್ನ ಸರದಿ. ಅಮ್ಮ ಎಲ್ಲ ಕೇಳಿಸಿಕೊಂಡು, "ಬರಲಿ ಅವನು" ಅಂದಳು. ಆ ದನಿ ನಿನಗೆ ಗೊತ್ತು. ಅತ್ತಿಗೆಗೂ ಫೋನಿನಲ್ಲಿ ಹೇಳಿ, ಈ ಕಾಗದ ತಲುಪುವವರೆಗೆ ಬಾಯಿ ಬಿಡಬಾರದೆಂದು ಆಣೆ ಹಾಕಿಸಿದ್ದೇನೆ. ಎರಡು ದಿನದಿಂದ ಅವರು ನಿನ್ನ ಜೊತೆ ಮಾತು ಕಡಿಮೆ ಮಾಡಿದ್ದಕ್ಕೆ ಕಾರಣ ಗೊತ್ತಾಯಿತಲ್ಲ? ಡಾಕ್ಟರುಗಳ ಸಭೆಯಲ್ಲಿ ನನ್ನ ವಿಷಯ ಹೇಳಲು ಡಾಕ್ಟರಮ್ಮ ಒಪ್ಪಿಗೆ ಕೇಳಿದರು. ಧಾರಾಳವಾಗಿ ಕೊಟ್ಟೆ. ಮಧ್ಯಮ ಎಂದವರು ಯಾರೆಂದು ಮೊದಲು ಹೇಳಬೇಕು, ಅದೊಂದೇ ಷರತ್ತು. ಅವರಿಗೆ ಸಂಕೋಚ, ನನಗೆ ಚೂರೂ ಇಲ್ಲ.

ಕಾಗದ ತಂದ ನಮ್ಮ ಯಜಮಾನರಿಗೆ ಊಟ ಹಾಕಿ ಕಳಿಸು. ಅತ್ತಿಗೆಗೆ ನನ್ನ ನೆನಪು, ಮಕ್ಕಳಿಗೆ ಮುತ್ತು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ತಂಗಿ,
ಬೀರು

ತಾ.ಕ.: ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎದೆ ತೆರೆದು ಕವಾಟ ಬದಲಿಸುತ್ತಾರೆ. ಬಾ. ಬಿಳಿ ಕೋಟು ಮನೆಯಲ್ಲೇ ಬಿಟ್ಟು ಬಾ, ಯಾರು ಏನೇ ಹೇಳಿದರೂ ನಿನ್ನನ್ನು ಒಳಗೆ ಬಿಡಬಾರದೆಂದು ಹೇಳಿಟ್ಟಿದ್ದೇನೆ. ಬಾಗಿಲ ಹೊರಗೆ ಕಬ್ಬಿಣದ ಬೆಂಚಿದೆ. ಎಲ್ಲರ ಮನೆಯವರೂ ಅಲ್ಲೇ ಕೂತು ಬಾಗಿಲು ನೋಡುತ್ತಿರುತ್ತಾರೆ, ಅವರಿಗೆ ಯಾರೂ ಏನೂ ಹೇಳುವುದಿಲ್ಲ. ಆಪರೇಷನ್ ನಡೆಯುವ ಐದು ಗಂಟೆ ಹೊತ್ತೂ ನೀನೂ ಕೂರು. ನಮ್ಮ ಯಜಮಾನರು ಪೆನ್ನು ಎತ್ತಿ ಎತ್ತಿ ಕೆಳಗಿಡುತ್ತಾರೆ, ಮನೆಯವರ ಒಪ್ಪಿಗೆ ಫಾರಮ್ಮಿಗೆ ನೀನೇ ಸಹಿ ಹಾಕಬೇಕು. ಅದರಲ್ಲಿ ಉದ್ಯೋಗ ಎಂಬಲ್ಲಿ ನರ್ಸಮ್ಮ ವೈದ್ಯ ಎಂದು ಬರೆದಿದ್ದಳು. ಹೊಡೆದುಹಾಕಿಸಿ ಅಣ್ಣ ಎಂದು ಬರೆಸಿದ್ದೇನೆ.